ಮೋಡದ ಅಮೂರ್ತ ಫೋಟೊಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೋಡದ ಫೋಟೊ ಎಲ್ಲರೂ ತೆಗೆಯುತ್ತಾರೆ. ಅದರ ಮೂಲಕ ತಮ್ಮ ಮನಸ್ಸಿನದ್ದೇನೋ ಹೇಳಬೇಕು ಅಂತ ಹೊರಟವರಿಗೆ ಮಾತ್ರ ಬೇರೆ ಥರದ ಪ್ರಶ್ನೆಗಳು ಏಳುತ್ತವೆ. ಅಂಥವರು ಮತ್ತೆ ಮತ್ತೆ ಕೇಳುವುದನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಕೆಲವಕ್ಕೆ ಉದ್ದ ಉತ್ತರ ಇದೆ, ಕೆಲವಕ್ಕೆ ಎರಡು ಮಾತು ಸಾಕು. ನನ್ನ ಅಭಿಪ್ರಾಯಗಳೂ ಧಾರಾಳವಾಗಿ ಸೇರಿವೆ.

ಮೋಡದ ಅಮೂರ್ತ ಫೋಟೊ ಅಂದರೆ ಏನು? ಮಾಮೂಲಿ ಆಕಾಶದ ಫೋಟೊಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಫೋಟೊದಲ್ಲಿ ಕೆಳಗೆ ಒಂದು ಗುಡ್ಡವೋ ಸಮುದ್ರವೋ ಮರದ ತುದಿಯೋ ಇರುತ್ತದೆ. ಅದು ಇದ್ದ ಕೂಡಲೇ ನೋಡುವವರಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ಇದು ಮೇಲೆ, ಅದು ಕೆಳಗೆ. ಮೋಡ ಇಷ್ಟು ದೊಡ್ಡದು, ಇಷ್ಟು ದೂರದಲ್ಲಿದೆ. ಸಂಜೆಯ ಹೊತ್ತು, ಮಳೆ ಬರುವ ಹಾಗಿದೆ.

ಕೆಳಗಿನ ಅಷ್ಟನ್ನೂ ಫ್ರೇಮಿನಿಂದ ಆಚೆ ಬಿಟ್ಟು ನೋಡಿ. ಅಳತೆ ಹಿಡಿಯಲು ಏನೂ ಸಿಗುವುದಿಲ್ಲ. ಒಂದು ಕಿಲೋಮೀಟರ್ ಅಗಲದ ಮೋಡ ಅಂಗೈ ಅಗಲದ ಹೊಗೆಯ ಹಾಗೂ ಕಾಣಬಹುದು. ಮೇಲು ಯಾವುದು, ಕೆಳಗು ಯಾವುದು ಅನ್ನುವುದೂ ಹೋಗುತ್ತದೆ. ಉಳಿಯುವುದು ಬೆಳಕು, ಕತ್ತಲೆ, ಅಂಚು, ಓಟ. ಆಗ ನೋಡುವವರು ‘ಮಳೆ ಬರುತ್ತಾ’ ಅಂತ ಕೇಳುವುದನ್ನು ಬಿಟ್ಟು ಚಿತ್ರವನ್ನೇ ನೋಡಲು ಶುರು ಮಾಡುತ್ತಾರೆ.

ನೆಲ ಒಂಚೂರು ಕಂಡರೂ ಅಮೂರ್ತ ಆಗುವುದಿಲ್ಲ ಅಂತೇನೂ ಕಟ್ಟಳೆ ಇಲ್ಲ. ಆದರೆ ಶುರುವಿನಲ್ಲಿ ಪೂರ್ತಿ ಬಿಟ್ಟುಬಿಡಿ. ಕಣ್ಣು ಬೇಗ ಪಳಗುತ್ತದೆ.

ಮೋಡ ತಾನಾಗಿಯೇ ಚೆಂದ. ಅದರಲ್ಲಿ ‘ನನ್ನದು’ ಅಂತ ಏನಿದೆ?

ಮೋಡವನ್ನು ನೀವು ಮಾಡಿಲ್ಲ, ಬೆಳಕನ್ನೂ ಮಾಡಿಲ್ಲ. ಸ್ವಲ್ಪ ಈ ಕಡೆ ಸರಿ ಅಂತ ಹೇಳುವುದಕ್ಕೂ ಆಗುವುದಿಲ್ಲ. ನಿಮ್ಮ ಕೈಯಲ್ಲಿರುವುದು ಆಯ್ಕೆ ಮಾತ್ರ. ಯಾವ ತುಂಡು, ಯಾವ ಗಳಿಗೆ, ಎಷ್ಟು ಕತ್ತಲೆ, ಎಷ್ಟು ಖಾಲಿ ಜಾಗ. ಈ ಆಯ್ಕೆಯನ್ನು ಸಣ್ಣದು ಅಂದುಕೊಳ್ಳಬೇಡಿ. ನನ್ನ ಪ್ರಕಾರ ಈ ಕಲೆಯ ಜೀವ ಇರುವುದೇ ಅಲ್ಲಿ.

ಒಂದು ದಪ್ಪ ಮೋಡ ಸೂರ್ಯನಿಗೆ ಅಡ್ಡ ಬಂದು ನಿಂತಿದೆ ಅಂದುಕೊಳ್ಳಿ. ಮೂರು ಜನ ಅದನ್ನೇ ನೋಡುತ್ತಿದ್ದಾರೆ. ಒಬ್ಬರು ಬೆಳಗುವ ಅಂಚನ್ನು ಮಾತ್ರ ಹಿಡಿಯುತ್ತಾರೆ. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಇಳಿಸಿ ಮಿಕ್ಕದ್ದನ್ನೆಲ್ಲ ಕಪ್ಪಾಗಿಸುತ್ತಾರೆ. ಕಪ್ಪು ಚೌಕದೊಳಗೆ ಹರಕು ಮುರುಕಾದ ಒಂದು ಬಿಳಿ ಗೆರೆ ಉಳಿಯುತ್ತದೆ. ಎರಡನೆಯವರು ಲೆನ್ಸನ್ನು ಮೋಡದ ಹೊಟ್ಟೆಗೆ ತಿರುಗಿಸುತ್ತಾರೆ. ಅಲ್ಲಿ ಬೂದು ಬಣ್ಣದೊಳಗೆ ಬೂದು ಬಣ್ಣ, ಒಂದು ಗೆರೆಯೂ ಇಲ್ಲ, ಎಲ್ಲಿ ಶುರು ಎಲ್ಲಿ ಮುಗಿತು ಗೊತ್ತಾಗುವುದಿಲ್ಲ. ಮೂರನೆಯವರು ಮೋಡವನ್ನು ಮೂಲೆಗೆ ತಳ್ಳಿ ಮುಕ್ಕಾಲು ಫ್ರೇಮು ಖಾಲಿ ನೀಲಿಯನ್ನೇ ಇಡುತ್ತಾರೆ. ಒಂದೇ ನಿಮಿಷ, ಒಂದೇ ಮೋಡ. ಮೊದಲನೆಯದನ್ನು ನೋಡಿದರೆ ಮೈ ಬಿಗಿಯುತ್ತದೆ. ಎರಡನೆಯದು ಎದೆ ಮೇಲೆ ಕೂತ ಹಾಗಿದೆ. ಮೂರನೆಯದರಲ್ಲಿ ಇರುವುದು ನಿರಾಳವೋ ಒಂಟಿತನವೋ, ನೋಡುವವರು ಹೇಳಬೇಕು.

ಈ ಮೂವರೂ ಸುಳ್ಳು ಹೇಳಿಲ್ಲ. ಮೂವರೂ ಮೋಡದಲ್ಲಿ ಇದ್ದುದನ್ನೇ ತೆಗೆದಿದ್ದಾರೆ. ಯಾರು ಯಾವುದಕ್ಕೆ ಕೈ ಹಾಕಿದರು ಅನ್ನುವುದರಲ್ಲಿ ಅವರವರ ಮನಸ್ಸು ಕಾಣುತ್ತದೆ.

ಹಾಗಂತ ‘ಇವತ್ತು ದುಃಖದ ಫೋಟೊ ತೆಗೀತೀನಿ’ ಅಂತ ತೀರ್ಮಾನ ಮಾಡಿ ಹೊರಡಬೇಡಿ. ಆಕಾಶ ನಿಮ್ಮ ಪಟ್ಟಿ ನೋಡಿ ಬರುವುದಿಲ್ಲ. ಸುಮ್ನೆ ನಿಂತು ನೋಡಿ. ಕಣ್ಣು ಎಲ್ಲಿ ಹೋಗಿ ನಿಲ್ಲುತ್ತದೋ ಅಲ್ಲಿ ಕ್ಯಾಮೆರಾ ಇಡಿ. ಯಾಕೆ ಅಲ್ಲೇ ನಿಂತಿತು ಅನ್ನುವುದು ಎಷ್ಟೋ ಸಲ ತಿಂಗಳು ಕಳೆದ ಮೇಲೆ ತಿಳಿಯುತ್ತದೆ.

ಇದನ್ನು ಮೊದಲು ಗಂಭೀರವಾಗಿ ಮಾಡಿದವರು ಯಾರು?

ಹೆಚ್ಚು ಜನ ಹೇಳುವ ಹೆಸರು ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಜ್. ಅವರು 1922ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಜಾರ್ಜ್‌ನಲ್ಲಿ ಮೋಡಗಳ ಮೇಲೆ ಕೆಲಸ ಶುರು ಮಾಡಿದರು. ಆಗ ಅವರಿಗೆ ಐವತ್ತೆಂಟರ ಆಸುಪಾಸು. ಸುಮಾರು ನಲವತ್ತು ವರ್ಷ ಫೋಟೊ ತೆಗೆದು ಹೆಸರು ಮಾಡಿದ್ದವರು. ಅವರ ಭಾವಚಿತ್ರಗಳು ಚೆನ್ನಾಗಿ ಬರಲು ಎದುರು ಕೂತವರ ಮೇಲೆ ಅವರು ಹಾಕುವ ಮೋಡಿಯೇ ಕಾರಣ ಅಂತ ಒಬ್ಬರು ಬರೆದಿದ್ದರು. ಆ ಮಾತು ಅವರನ್ನು ಕೆಣಕಿತು. ಮೋಡಕ್ಕೆ ಯಾರು ಮೋಡಿ ಹಾಕಲಾದೀತು? ಅದು ಎಲ್ಲರ ತಲೆ ಮೇಲೂ ಇದೆ, ಅದಕ್ಕೆ ಇನ್ನೂ ತೆರಿಗೆ ಬಿದ್ದಿಲ್ಲ ಅಂತ ಅವರು 1923ರಲ್ಲಿ ಬರೆದರು.

ಮೊದಲ ಸರಣಿಗೆ ಸಂಗೀತದ ಹೆಸರಿಟ್ಟರು. ಅದರಲ್ಲಿ ಇನ್ನೂ ಗುಡ್ಡದ ಸಾಲು ಇತ್ತು. ಮುಂದೆ ನೆಲ ಬಿಟ್ಟುಹೋಯಿತು. 1925ರಿಂದ ಅವುಗಳನ್ನು ‘ಇಕ್ವಿವಲೆಂಟ್ಸ್’ ಅಂತ ಕರೆಯತೊಡಗಿದರು. ತನ್ನೊಳಗಿನ ಅನುಭವಕ್ಕೆ ಸರಿಸಮನಾಗಿ ನಿಲ್ಲುವ ಚಿತ್ರ ಅನ್ನುವ ಅರ್ಥದಲ್ಲಿ. 1930ರ ದಶಕದವರೆಗೂ ಈ ಕೆಲಸ ನಡೆಯಿತು, ಇನ್ನೂರಕ್ಕೂ ಹೆಚ್ಚು ಚಿತ್ರಗಳಾದವು.

ಅವುಗಳ ಗಾತ್ರ ಕೇಳಿದರೆ ಆಶ್ಚರ್ಯ ಆಗುತ್ತದೆ. ಹೆಚ್ಚಿನವು ಸುಮಾರು 9 ಸೆಂ.ಮೀ. ಅಗಲ, 12 ಸೆಂ.ಮೀ. ಉದ್ದ. ಅಂಗೈಯಲ್ಲಿ ಹಿಡಿಯುವಷ್ಟು. ಆಕಾಶ ಬಹುಪಾಲು ಕಪ್ಪು, ಅದರಲ್ಲಿ ಎಳೆ ಎಳೆಯಾಗಿ ಬಿಳಿ, ಕೆಲವದರಲ್ಲಿ ಮೋಡದ ಹಿಂದೆ ಮಸುಕಾಗಿ ಸೂರ್ಯನ ಬಿಲ್ಲೆ. ಹತ್ತಿರ ಬಂದು ನೋಡದೆ ಗತಿಯಿಲ್ಲ.

ಹಾಗಂತ ಆಕಾಶದ ಹುಚ್ಚು ಅವರಿಂದಲೇ ಶುರುವಾಗಿದ್ದಲ್ಲ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್ಸ್‌ಟೇಬಲ್ 1821 ಮತ್ತು 1822ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಕೂತು ಬರೀ ಆಕಾಶವನ್ನೇ ಎಣ್ಣೆ ಬಣ್ಣದಲ್ಲಿ ಬರೆದರು. ಅನೇಕ ಚಿತ್ರಗಳ ಹಿಂದೆ ತಾರೀಖು, ಹೊತ್ತು, ಗಾಳಿ ಯಾವ ಕಡೆಯದು ಅಂತ ಗುರುತು ಹಾಕಿಕೊಂಡರು. ಫೋಟೊಗ್ರಫಿಗೆ ಮಾತ್ರ ಆಕಾಶ ಬಹಳ ಕಾಲ ಒಲಿಯಲಿಲ್ಲ. ಹಳೆಯ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ವಿಪರೀತ ಸ್ಪಂದಿಸುತ್ತಿದ್ದವು. ನೆಲ ಸರಿಯಾಗಿ ಬರುವ ಹೊತ್ತಿಗೆ ಆಕಾಶ ಬೆಳ್ಳಗೆ ಸುಟ್ಟುಹೋಗಿರುತ್ತಿತ್ತು. ಅದಕ್ಕೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ತಮ್ಮ ಕೆಲವು ಕಡಲ ಚಿತ್ರಗಳಿಗೆ ಸಮುದ್ರದ್ದೊಂದು, ಆಕಾಶದ್ದೊಂದು ನೆಗೆಟಿವ್ ಸೇರಿಸಿ ಒಂದೇ ಪ್ರಿಂಟ್ ಮಾಡಿದರು.

ದುಬಾರಿ ಕ್ಯಾಮೆರಾ ಬೇಕಾ?

ಬೇಡ. ಫೋನ್ ಸಾಕು. ಬೆಳಕು ಧಾರಾಳವಾಗಿರುವ ಕೆಲಸ ಇದು, ಸಣ್ಣ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಕೂಡ ಚೆನ್ನಾಗಿಯೇ ನಿಭಾಯಿಸುತ್ತದೆ.

ಫೋನಿನಲ್ಲಿ ಎರಡು ವಿಷಯ ಗಮನಿಸಿ. ಮೋಡದ ಅತಿ ಬಿಳಿ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಬಹುತೇಕ ಫೋನ್‌ಗಳಲ್ಲಿ ಫೋಕಸ್ಸೂ ಎಕ್ಸ್‌ಪೋಷರೂ ಲಾಕ್ ಆಗುತ್ತವೆ. ಆಮೇಲೆ ಅಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದು ಬೆಳಕು ತಗ್ಗಿಸಿ. ಎರಡನೆಯದು, ಎಚ್‌ಡಿಆರ್ ಆಫ್ ಮಾಡಲು ಬರುವುದಾದರೆ ಆಫ್ ಮಾಡಿ ನೋಡಿ. ಅದು ಕತ್ತಲೆಯನ್ನೂ ಬೆಳಕನ್ನೂ ಎಳೆದು ಒಂದೇ ಮಟ್ಟಕ್ಕೆ ತರುತ್ತದೆ. ನಮಗೆ ಬೇಕಾಗಿದ್ದು ಆ ಏರಿಳಿತವೇ ಅಲ್ವಾ?

ಯಾವ ಲೆನ್ಸ್ ಒಳ್ಳೆಯದು?

ದೂರದ್ದನ್ನು ಹತ್ತಿರ ತರುವ 70ರಿಂದ 200 ಮಿ.ಮೀ. ಜೂಮ್ ನನಗೆ ಎಲ್ಲಕ್ಕಿಂತ ಇಷ್ಟ. ವೈಡ್ ಲೆನ್ಸಿನಲ್ಲಿ ಇಡೀ ಆಕಾಶ ಬರುತ್ತದೆ, ಅದು ತಾನಾಗಿಯೇ ಪ್ರಕೃತಿ ದೃಶ್ಯ ಆಗಿಬಿಡುತ್ತದೆ. ಉದ್ದದ ಲೆನ್ಸ್ ನಿಮ್ಮನ್ನು ಆರಿಸಲು ಒತ್ತಾಯ ಮಾಡುತ್ತದೆ. 200 ಮಿ.ಮೀ.ನಲ್ಲಿ ದೊಡ್ಡ ಮೋಡದ ಒಂದು ಮಡಿಕೆ ಮಾತ್ರ ಸಿಗುತ್ತದೆ. ಆ ಮಡಿಕೆಯೊಳಗೆ ನೆರಳು ಹೇಗೆ ತಿರುಗುತ್ತದೆ ಅಂತ ನೋಡುತ್ತಾ ನಿಂತರೆ ಸಮಯ ಹೋಗಿದ್ದು ಗೊತ್ತಾಗುವುದಿಲ್ಲ.

ಫೋನಿನಲ್ಲಿ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಿ. ಬೆರಳಲ್ಲಿ ಎಳೆಯುವ ಡಿಜಿಟಲ್ ಜೂಮ್ ಬೇಡ. ಆಮೇಲೆ ಕ್ರಾಪ್ ಮಾಡಿದರೂ ಅಷ್ಟೇ.

ಬಿಳಿ ಮೋಡ ಬೂದು ಬಣ್ಣ ಬರುತ್ತದೆ. ಬೆಳಕು ಹೆಚ್ಚಿಸಿದರೆ ಅರ್ಧ ಸುಟ್ಟು ಹೋಗುತ್ತದೆ. ಏನು ಮಾಡಲಿ?

ಕ್ಯಾಮೆರಾದ ಮೀಟರ್‌ಗೆ ಎದುರಿಗಿರುವುದು ಮೋಡ ಅಂತ ಗೊತ್ತಿಲ್ಲ. ಏನೇ ತೋರಿಸಿದರೂ ಅದನ್ನು ಮಧ್ಯಮ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಫ್ರೇಮು ತುಂಬ ಬಿಳಿ ಮೋಡ ಇದ್ದರೆ ಅದನ್ನೂ ಬೂದು ಮಾಡಿಬಿಡುತ್ತದೆ. ಬಿಳಿಯನ್ನು ಬಿಳಿಯಾಗಿ ತರಬೇಕು ಅಂದರೆ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಬೆಳಕು ಏರಿಸಿ ಇಳಿಸುವ +/− ಸೆಟ್ಟಿಂಗ್) ಸುಮಾರು +0.7ರಿಂದ +1ರವರೆಗೆ ಏರಿಸಬೇಕು.

ಆದರೆ ಸೂರ್ಯ ಮೋಡದ ಅಂಚಿನಲ್ಲೇ ಇದ್ದರೆ ಲೆಕ್ಕ ಉಲ್ಟಾ. ಆಗ −1, −2ಕ್ಕೆ ಇಳಿಸಿ. ಡಿಜಿಟಲ್‌ನಲ್ಲಿ ಕತ್ತಲೆಯೊಳಗಿನ ವಿವರವನ್ನು ಆಮೇಲೆ ಸ್ವಲ್ಪ ಎತ್ತಿಕೊಳ್ಳಬಹುದು. ಸುಟ್ಟ ಬಿಳಿಯಲ್ಲಿ ಎತ್ತಿಕೊಳ್ಳಲು ಏನೂ ಉಳಿದಿರುವುದಿಲ್ಲ. ಹಿಸ್ಟೋಗ್ರಾಮ್ (ಕತ್ತಲೆ ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ಬಲಗಡೆ ಗೋಡೆಗೆ ಹೋಗಿ ಅಂಟಿಕೊಂಡಿದೆಯಾ ನೋಡಿ. ಸುಟ್ಟ ಜಾಗ ಮಿನುಗಿ ತೋರಿಸುವ ಸೌಲಭ್ಯ ಇದ್ದರೆ ಆನ್ ಮಾಡಿಟ್ಟುಕೊಳ್ಳಿ. ಸಾಧ್ಯವಿದ್ದರೆ ರಾ ಫೈಲ್‌ನಲ್ಲೇ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ ಫೈಲ್) ತೆಗೆಯಿರಿ.

ನನ್ನ ಮಾಮೂಲಿ ಸೆಟ್ಟಿಂಗ್ ಹೇಳುತ್ತೇನೆ: ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 100, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಂಡಿ) ಎಫ್/8. ಈ ಎಫ್ ಅಂಕಿ ದೊಡ್ಡದಾದಷ್ಟೂ ಕಂಡಿ ಸಣ್ಣದು. ಎಫ್/16ಕ್ಕೆ ಹೋಗುವುದರಿಂದ ಲಾಭ ಇಲ್ಲ, ಮೋಡ ಎಲ್ಲವೂ ದೂರದಲ್ಲೇ ಇದೆ. ಮೇಲಾಗಿ ಅಪರ್ಚರ್ ಸಣ್ಣದಾದಷ್ಟೂ ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. ಬೇರೆ ಫೋಟೊಗಳಲ್ಲಿ ಮರೆಯಾಗುವ ಧೂಳು ಆಕಾಶದ ಫೋಟೊದಲ್ಲಿ ಮುಚ್ಚಿಡಲು ಆಗುವುದಿಲ್ಲ.

ಫೋಕಸ್ ಸಿಗದೆ ಲೆನ್ಸ್ ಹಿಂದೆ ಮುಂದೆ ಓಡಾಡುತ್ತದೆ.

ನುಣ್ಣಗಿನ ಬೂದು ಮೋಡದಲ್ಲಿ ಕ್ಯಾಮೆರಾಗೆ ಹಿಡಿಯಲು ಅಂಚೇ ಇಲ್ಲ. ಗಟ್ಟಿ ಅಂಚಿರುವ ಬೇರೊಂದು ಮೋಡದ ಮೇಲೋ ದೂರದ ಮರದ ಮೇಲೋ ಫೋಕಸ್ ಮಾಡಿ, ಮ್ಯಾನುವಲ್‌ಗೆ ಹಾಕಿಬಿಡಿ. ಜೂಮ್ ಬದಲಿಸಿದರೆ ಮತ್ತೊಮ್ಮೆ ನೋಡಿಕೊಳ್ಳಿ.

ಯಾವ ಹೊತ್ತಿನಲ್ಲಿ, ಎಂಥ ಮೋಡ ಹುಡುಕಬೇಕು?

ಸೂರ್ಯಾಸ್ತದ ಹಿಂದೆ ಎಲ್ಲರೂ ಓಡುತ್ತಾರೆ. ಕೆಂಪು, ಕಿತ್ತಳೆ ಚೆಂದವೇ. ಆದರೆ ಆ ಬಣ್ಣ ಎಷ್ಟು ಜೋರು ಅಂದರೆ ನೋಡುವವರು ‘ಆಹಾ ಸಂಜೆ’ ಅಂದು ಅಲ್ಲಿಗೇ ಮುಗಿಸುತ್ತಾರೆ. ಆಕಾರ ಕಣ್ಣಿಗೆ ಬೀಳುವುದೇ ಇಲ್ಲ. ಆ ಬಣ್ಣವನ್ನು ಬಿಟ್ಟು ಬೇರೆ ಹೊತ್ತುಗಳಲ್ಲಿ ಹೊರಗೆ ಬನ್ನಿ ಅಂತಲೇ ನಾನು ಹೇಳುವುದು.

ಬೆಳಗ್ಗೆ ಸೂರ್ಯ ಸ್ವಲ್ಪ ಮೇಲೆ ಬಂದ ಮೇಲೆ ಮತ್ತು ಮಧ್ಯಾಹ್ನ ಇಳಿಹೊತ್ತಿನಲ್ಲಿ ಬೆಳಕು ಪಕ್ಕದಿಂದ ಬೀಳುತ್ತದೆ. ರಾಶಿ ಮೋಡಗಳಿಗೆ ಆಗ ಒಂದು ಮಗ್ಗುಲು ಬಿಳಿ, ಇನ್ನೊಂದು ಮಗ್ಗುಲು ನೀಲಿಬೂದು. ಉಬ್ಬು ತಗ್ಗು ಕೈಗೆ ಸಿಗುವ ಹಾಗೆ ಕಾಣುತ್ತದೆ. ನಡುಮಧ್ಯಾಹ್ನ ಮೋಡ ನೆತ್ತಿಯ ಮೇಲಿದ್ದು ಸೂರ್ಯ ಅದರ ಹಿಂದಿದ್ದರೆ ಅಂಚು ಉರಿಯುತ್ತದೆ, ನಡುಭಾಗ ಕಪ್ಪಾಗುತ್ತದೆ. ಆ ಕಪ್ಪಿಗೆ ಕಾರಣ ಕೊಳೆಯೂ ಅಲ್ಲ, ಬೇರೆ ಬಣ್ಣವೂ ಅಲ್ಲ. ಮೋಡದ ಹನಿಗಳು ಎಲ್ಲ ಬಣ್ಣದ ಬೆಳಕನ್ನೂ ಒಂದೇ ಸಮ ಚೆದುರಿಸುತ್ತವೆ, ಅದಕ್ಕೇ ಮೋಡ ಬಿಳಿ. ದಪ್ಪ ಜಾಸ್ತಿ ಆದಷ್ಟೂ ಬೆಳಕು ಮೇಲೆಯೇ ವಾಪಸ್ ಹೋಗಿ ಕೆಳಗೆ ಬರುವುದು ಕಮ್ಮಿಯಾಗುತ್ತದೆ. ಅಂದರೆ ಸೂರ್ಯ ಮೋಡದ ಹಿಂದಿರುವಾಗ ನಿಮ್ಮ ಫೋಟೊದಲ್ಲಿ ಕತ್ತಲೆ ಎಲ್ಲಿದೆಯೋ ಅಲ್ಲಿ ಮೋಡ ದಪ್ಪವಾಗಿದೆ. ಇದು ತಿಳಿದ ಮೇಲೆ ಬೂದು ಬಣ್ಣಗಳನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ತೀರಾ ಎತ್ತರದಲ್ಲಿ ಗೀರು ಗೀರಾಗಿ ಕಾಣುವ ಸಿರಸ್ ಮೋಡಗಳು ಮಂಜುಗಡ್ಡೆಯ ಹರಳುಗಳು. ಹರಳು ಕೆಳಗೆ ಬೀಳುತ್ತಾ ಬೇರೆ ವೇಗದ ಗಾಳಿಗೆ ಸಿಕ್ಕಿ ಎಳೆಯಾಗಿ ಬಾಗುತ್ತದೆ. ರೇಖೆ ಇಷ್ಟಪಡುವವರಿಗೆ ಇವೇ ಹಬ್ಬ. ಮಳೆ ಬಿದ್ದು ಆಕಾಶ ತೆರೆಯುವ ಹೊತ್ತೂ ಬಹಳ ಒಳ್ಳೆಯದು. ಮೇಲೊಂದು ಪದರ, ಕೆಳಗೊಂದು ಚೂರು, ಎರಡೂ ಬೇರೆ ಬೇರೆ ಕಡೆ ಹೋಗುತ್ತಿರುತ್ತವೆ. ಧೂಳು ತೊಳೆದು ಹೋಗಿರುವುದರಿಂದ ದೂರದ ಅಂಚೂ ಚೊಕ್ಕವಾಗಿ ಕಾಣುತ್ತದೆ.

ಇನ್ನು ‘ಇವತ್ತು ಏನೂ ಇಲ್ಲ, ಬರೀ ಮಬ್ಬು’ ಅನ್ನುವ ದಿನ. ಹೊಸಬರು ಆ ದಿನ ಕ್ಯಾಮೆರಾ ತೆಗೆಯುವುದಿಲ್ಲ. ತೆಗೆಯಿರಿ. ಮಬ್ಬಿನಲ್ಲೂ ಒಂದು ಕಡೆ ಸ್ವಲ್ಪ ತಿಳಿ, ಒಂದು ಕಡೆ ಸ್ವಲ್ಪ ಗಾಢ ಇರುತ್ತದೆ. ಅಷ್ಟರಲ್ಲೇ ಚಿತ್ರ ಕಟ್ಟುವುದು ಕಷ್ಟ, ಅದಕ್ಕೇ ಅದು ಒಳ್ಳೆಯ ಅಭ್ಯಾಸ.

ಮೋಡಗಳ ಹೆಸರು ಗೊತ್ತಿರಬೇಕಾ?

ಗೊತ್ತಿರಲೇಬೇಕು ಅಂತಿಲ್ಲ. ಗೊತ್ತಿದ್ದರೆ ಮುಂದೇನಾಗಬಹುದು ಅಂತ ಊಹಿಸಬಹುದು, ಅಷ್ಟು ಲಾಭ. ಸಿರಸ್ (ಎಳೆ ಮೋಡ), ಕ್ಯುಮುಲಸ್ (ರಾಶಿ ಮೋಡ), ಸ್ಟ್ರಾಟಸ್ (ಪದರ ಮೋಡ) ಅನ್ನುವ ಹೆಸರುಗಳನ್ನು ಲ್ಯೂಕ್ ಹೋವರ್ಡ್ 1802ರಲ್ಲಿ ಲಂಡನ್ನಿನ ಒಂದು ಭಾಷಣದಲ್ಲಿ ಮುಂದಿಟ್ಟರು. ಅವರು ವೃತ್ತಿಯಿಂದ ಔಷಧ ತಯಾರಕರು. ಇವತ್ತು ವಿಶ್ವ ಹವಾಮಾನ ಸಂಸ್ಥೆಯ ಮೋಡಗಳ ಅಟ್ಲಾಸ್‌ನಲ್ಲಿ ಹತ್ತು ಮುಖ್ಯ ಬಗೆಗಳಿವೆ. ಅಲೆಗಳ ಕೆಳಗೆ ಮುಳುಗಿ ಮೇಲೆ ನೋಡಿದ ಹಾಗೆ ಕಾಣುವ ಆಸ್ಪೆರಿಟಾಸ್ ಅನ್ನುವ ರೂಪ ಆ ಅಟ್ಲಾಸ್‌ಗೆ ಸೇರಿದ್ದು 2017ರಲ್ಲಿ. ಅದು ಸೇರಲು ಜನಸಾಮಾನ್ಯರು ತೆಗೆದು ಕಳಿಸಿದ ಫೋಟೊಗಳ ಪಾಲು ದೊಡ್ಡದು. ಆಕಾಶ ನೋಡುವ ಹವ್ಯಾಸಿಗಳಿಗೆ ಇದಕ್ಕಿಂತ ಖುಷಿಯ ಸುದ್ದಿ ಬೇಕೇ?

ಕ್ಲಿಕ್ ಮಾಡುವ ಹೊತ್ತಿನಲ್ಲಿ ಮಾತ್ರ ಹೆಸರು ಮರೆತುಬಿಡಿ. ‘ಕ್ಯುಮುಲಸ್’ ಅಂದ ಕೂಡಲೇ ಪೂರ್ತಿ ಕ್ಯುಮುಲಸ್ ತೆಗೆಯಲು ಕೈ ಹೋಗುತ್ತದೆ.

ಕಪ್ಪು ಬಿಳುಪೋ, ಬಣ್ಣವೋ?

ಶುರುವಿಗೆ ಕಪ್ಪು ಬಿಳುಪು. ನೀಲಿ ಹೋದ ತಕ್ಷಣ ಆಕಾಶ ಅನ್ನುವ ಗುರುತೂ ಅರ್ಧ ಹೋಗುತ್ತದೆ. ಮೇಲಾಗಿ ನೀಲಿಯನ್ನು ಎಷ್ಟು ಕಪ್ಪು ಮಾಡಬೇಕು ಅನ್ನುವುದು ನಿಮ್ಮ ಕೈಗೆ ಬರುತ್ತದೆ. ಫಿಲ್ಮ್ ಕಾಲದಲ್ಲಿ ಇದಕ್ಕೆ ಹಳದಿ, ಕಿತ್ತಳೆ, ಕೆಂಪು ಫಿಲ್ಟರ್ ಹಾಕುತ್ತಿದ್ದರು. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತದೆ, ಆಕಾಶ ಕಪ್ಪಾಗಿ ಮೋಡ ಬೆಳ್ಳಗೆ ಎದ್ದು ಬರುತ್ತದೆ. ಡಿಜಿಟಲ್‌ನಲ್ಲಿ ಬಣ್ಣದ ಫೈಲನ್ನು ಕಪ್ಪು ಬಿಳುಪಿಗೆ ತಿರುಗಿಸುವಾಗ ನೀಲಿ ಸ್ಲೈಡರ್ ಇಳಿಸಿದರೆ ಅದೇ ಕೆಲಸ ಆಗುತ್ತದೆ. ತೀರಾ ಇಳಿಸಬೇಡಿ, ನೀಲಿ ಜಾಗದಲ್ಲಿ ಕಾಳು ಕಾಳು ಕಾಣುತ್ತದೆ.

ಆಕಾಶವನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಇದ್ದರೆ ಸೂರ್ಯನಿಂದ 90 ಡಿಗ್ರಿ ಪಕ್ಕಕ್ಕಿರುವ ಆಕಾಶಕ್ಕೆ ಹಿಡಿಯಿರಿ, ಅಲ್ಲಿ ಪರಿಣಾಮ ಜಾಸ್ತಿ. ಆ ಜಾಗ ಯಾವುದು ಅಂತ ಹುಡುಕಲು ತೋರುಬೆರಳನ್ನು ಸೂರ್ಯನ ಕಡೆ ಮಾಡಿ, ಹೆಬ್ಬೆರಳನ್ನು ಅಡ್ಡಕ್ಕೆ ಚಾಚಿ. ಮಣಿಕಟ್ಟು ತಿರುಗಿಸಿದರೆ ಹೆಬ್ಬೆರಳು ತೋರಿಸುವ ಕಡೆಯೆಲ್ಲ ಆಕಾಶ ಗಾಢವಾಗಿ ಬರುತ್ತದೆ. ವೈಡ್ ಲೆನ್ಸಿಗೆ ಇದನ್ನು ಹಾಕಿದರೆ ಆಕಾಶ ಒಂದು ಕಡೆ ಕಪ್ಪು, ಒಂದು ಕಡೆ ತಿಳಿ ಆಗಿ ಪಟ್ಟೆ ಬೀಳುತ್ತದೆ.

ಬಣ್ಣದಲ್ಲಿ ಮಾಡುವುದಾದರೆ ಕಮ್ಮಿ ಬಣ್ಣದ ದಿನಗಳನ್ನು ಆರಿಸಿ. ಮಬ್ಬಿನೊಳಗಿನ ಒಂಚೂರು ಗುಲಾಬಿ, ಬೂದು ಬಣ್ಣದೊಳಗಿನ ಹಸಿರು ಛಾಯೆ. ಅಂಥ ಕಡೆ ಬಣ್ಣ ಮಾತಾಡುತ್ತದೆ.

ಮೋಡ ಓಡುವ ಹಾಗೆ ಕಾಣುವ ಫೋಟೊ ಹೇಗೆ ತೆಗೆಯುತ್ತಾರೆ?

ಶಟರ್ (ಸೆನ್ಸರಿಗೆ ಬೆಳಕು ಬಿಡುವ ಬಾಗಿಲು) ತುಂಬ ಹೊತ್ತು ತೆರೆದಿಟ್ಟು. ಹಗಲಲ್ಲಿ ಅಷ್ಟು ಬೆಳಕು ತಡೆಯಲು ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು) ಬೇಕು. ಅದರ ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧವಾಗುತ್ತದೆ. 10 ಸ್ಟಾಪ್ ಫಿಲ್ಟರ್ ಬೆಳಕನ್ನು ಸುಮಾರು ಸಾವಿರ ಪಟ್ಟು ತಗ್ಗಿಸುತ್ತದೆ. 1/60 ಸೆಕೆಂಡ್ ಇದ್ದ ಎಕ್ಸ್‌ಪೋಷರ್ ಸುಮಾರು 16 ಸೆಕೆಂಡ್ ಆಗುತ್ತದೆ. ಟ್ರೈಪಾಡ್ ಬೇಕೇ ಬೇಕು.

ಇನ್ನೊಂದು ದಾರಿ, ಕ್ಯಾಮೆರಾವನ್ನೇ ಬೇಕಂತ ಸರಿಸುವುದು. 1/4 ಸೆಕೆಂಡ್ ಇಟ್ಟು, ಒತ್ತಿದ ಹಾಗೇ ನಿಧಾನಕ್ಕೆ ಒಂದು ಕಡೆ ತಿರುಗಿ. ಮೋಡದ ಅಂಚು ಕುಂಚದ ಎಳೆತದ ಹಾಗೆ ಹರಡುತ್ತದೆ. ಹತ್ತು ತೆಗೆದರೆ ಒಂದು ಉಳಿಯಬಹುದು.

ನನ್ನ ಮಾತು ಕೇಳುವುದಾದರೆ ಇವೆರಡನ್ನೂ ಸ್ವಲ್ಪ ತಡವಾಗಿ ಕಲಿಯಿರಿ. ಉದ್ದ ಎಕ್ಸ್‌ಪೋಷರ್ ಯಾವ ಮೋಡವನ್ನೂ ಚೆಂದ ಮಾಡುತ್ತದೆ. ಎಲ್ಲವೂ ಚೆಂದ ಬಂದರೆ ಆರಿಸುವ ಕೆಲಸವೇ ನಿಂತುಹೋಗುತ್ತದೆ.

ಆನೆ, ಮುಖ, ಹಕ್ಕಿ ಕಾಣುವ ಮೋಡ ತೆಗೆಯಬಹುದಾ?

ಖಂಡಿತ ತೆಗೆಯಬಹುದು, ಅದರ ಸಂತೋಷವೇ ಬೇರೆ. ಆದರೆ ಅದು ಅಮೂರ್ತದ ದಾರಿ ಅಲ್ಲ. ಆನೆ ಕಂಡ ಮೇಲೆ ಕಣ್ಣಿಗೆ ಬೇರೇನೂ ಕಾಣುವುದಿಲ್ಲ, ಸೊಂಡಿಲು ಎಲ್ಲಿ ಬಾಲ ಎಲ್ಲಿ ಅಂತ ಹುಡುಕುತ್ತಾ ಇರುತ್ತದೆ. ಫ್ರೇಮಿನಲ್ಲಿ ಇಂಥ ಗುರುತು ಸಿಕ್ಕರೆ ನಾನು ಸ್ವಲ್ಪ ಸರಿಸಿ ಅದನ್ನು ಕತ್ತರಿಸುತ್ತೇನೆ. ಅಥವಾ ಒಂದೆರಡು ನಿಮಿಷ ಕಾಯುತ್ತೇನೆ, ಮೋಡವೇ ಅದನ್ನು ಅಳಿಸಿಬಿಡುತ್ತದೆ.

ಎಷ್ಟು ಎಡಿಟ್ ಮಾಡಬಹುದು? ಜಾಸ್ತಿ ಮಾಡಿದರೆ ಮೋಸ ಆಗುತ್ತದಾ?

ಇಲ್ಲಿ ಯಾರೂ ಸುದ್ದಿಚಿತ್ರ ತೆಗೆಯುತ್ತಿಲ್ಲ. ಆಕಾಶವನ್ನು ಪೂರ್ತಿ ಕಪ್ಪು ಮಾಡಿದರೂ ಯಾರಿಗೂ ಮೋಸ ಇಲ್ಲ. ಕತ್ತಲೆ ಬೆಳಕಿನ ಹದ ನಿಮ್ಮ ಮಾತಿನ ಒಂದು ಭಾಗ.

ತೊಂದರೆ ಬರುವುದು ಬೇರೆ ಕಡೆ. ಎಡಿಟಿಂಗ್ ಆ್ಯಪ್‌ನ ಕ್ಲಾರಿಟಿ (ಅಂಚು ಎತ್ತಿ ತೋರಿಸುವ), ಡೀಹೇಜ್ (ಮಬ್ಬು ತೆಗೆಯುವ) ಸ್ಲೈಡರ್‌ಗಳನ್ನು ಎಳೆದರೆ ಮೋಡ ತಕ್ಷಣ ಗಟ್ಟಿಯಾಗಿ, ನಾಟಕೀಯವಾಗಿ ಕಾಣುತ್ತದೆ. ಮೊದಲ ನೋಟಕ್ಕೆ ಎಲ್ಲರಿಗೂ ಇಷ್ಟ. ಸ್ವಲ್ಪ ಹತ್ತಿರ ಹೋಗಿ ನೋಡಿ. ಅಂಚಿನ ಸುತ್ತ ಬಿಳಿ ಪ್ರಭೆ ಬಂದಿರುತ್ತದೆ. ನುಣುಪಾಗಿ ಇಳಿದುಹೋಗಬೇಕಿದ್ದ ಬೂದು ಬಣ್ಣ ಕೊಳೆಯಾಗಿರುತ್ತದೆ. ಮೋಡದ ಮೃದುತನವೇ ಹೋದರೆ ಕಲ್ಲಿನ ಫೋಟೊ ತೆಗೆಯಬಹುದಿತ್ತು. ಆ ಸ್ಲೈಡರ್‌ಗಳನ್ನು ಬಿಟ್ಟು ಕರ್ವ್ಸ್‌ನಲ್ಲಿ (ಗೆರೆ ಬಗ್ಗಿಸಿ ಕತ್ತಲೆ ಬೆಳಕಿನ ಹದ ಬದಲಿಸುವ ಸೌಲಭ್ಯ) ಕೆಲಸ ಮಾಡಿ. ಒಂದು ಜಾಗ ಮಾತ್ರ ಗಾಢವಾಗಬೇಕಿದ್ದರೆ ಅಲ್ಲಿಗೆ ಮಾತ್ರ ಬ್ರಷ್ ಹಚ್ಚಿ. ಆಕಾಶದ ಬಣ್ಣ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಂಡರೆ ಬಹುಶಃ ಜೆಪೆಗ್ (ಕುಗ್ಗಿಸಿದ ಮಾಮೂಲಿ ಫೈಲ್) ಮೇಲೆ ಎಡಿಟ್ ಮಾಡುತ್ತಿದ್ದೀರಿ ಅಂತ ಅರ್ಥ. ರಾ ಫೈಲಿಗೆ ಹೋಗಿ, 16 ಬಿಟ್‌ನಲ್ಲಿ ಕೆಲಸ ಮಾಡಿ.

ಎಐನಿಂದ ಇನ್ನೂ ಚೆಂದದ ಮೋಡ ಮಾಡಬಹುದಲ್ಲ?

ಮಾಡಬಹುದು. ಆದರೆ ನನಗೆ ಈ ಕೆಲಸದಲ್ಲಿ ಬೇಕಾಗಿರುವುದು ಚೆಂದದ ಮೋಡವಲ್ಲ. ತಲೆ ಎತ್ತಿ ನಿಂತ ಆ ಹೊತ್ತು, ಆ ಮೋಡ ಕರಗುವುದರೊಳಗೆ ಇದು ಬೇಕು ಅದು ಬೇಡ ಅಂತ ತೀರ್ಮಾನ ಮಾಡಿದ್ದು, ಆ ಗುರುತು ಫೋಟೊದಲ್ಲಿರಬೇಕು. ಎಡಿಟಿಂಗ್ ಆ್ಯಪ್‌ಗಳಲ್ಲಿ ಒಂದೇ ಒತ್ತಿಗೆ ಆಕಾಶ ಬದಲಿಸುವ ಸೌಲಭ್ಯಕ್ಕೂ ನನ್ನ ಉತ್ತರ ಇದೇ.

ಫೋಟೊವನ್ನು ತಲೆಕೆಳಗು ಮಾಡಬಹುದಾ?

ಧಾರಾಳವಾಗಿ. ನೆಲ ಇಲ್ಲದ ಮೇಲೆ ಮೇಲು ಕೆಳಗು ಯಾರ ಅಪ್ಪಣೆ? ಸ್ಟೀಗ್ಲಿಟ್ಜ್ ಕೂಡ ಕೆಲವು ಚಿತ್ರಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಇಟ್ಟಿದ್ದಾರೆ. ನಾಲ್ಕೂ ಕಡೆ ತಿರುಗಿಸಿ ನೋಡಿ. ಗಾಢ ಭಾಗ ಮೇಲೆ ಬಂದರೆ ಏನೋ ಬೀಳುವ ಹಾಗೆ ಅನ್ನಿಸುತ್ತದೆ. ಕೆಳಗೆ ಬಂದರೆ ನೆಲ ಕಂಡ ಹಾಗಾಗಿ ಮನಸ್ಸು ಕೂರುತ್ತದೆ. ಎಡದಿಂದ ಬಲಕ್ಕೆ ಏರುವ ಗೆರೆ ಕನ್ನಡ ಓದಿ ಬೆಳೆದ ಕಣ್ಣಿಗೆ ಮೇಲೇರುತ್ತಿದೆ ಅನ್ನಿಸುತ್ತದೆ. ಅದನ್ನೇ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಮಾಡಿದರೆ ಇಳಿಯುತ್ತದೆ.

ಹೆಸರು ಕೊಡಬೇಕಾ?

‘ವಿರಹ’, ‘ಏಕಾಂತ’, ‘ಕನಸಿನ ಪಯಣ’ ಅಂತ ಕೊಟ್ಟರೆ ನೋಡುವವರು ಫೋಟೊ ಬಿಟ್ಟು ಹೆಸರನ್ನೇ ನೋಡುತ್ತಾರೆ. ತಾರೀಖು, ಹೊತ್ತು ಸಾಕು. ಅಥವಾ ಒಂದು ಸರಣಿಗೆ ಒಂದೇ ಹೆಸರು, ಒಳಗೆ ಅಂಕಿ.

ನನ್ನ ಫೋಟೊಗಳೆಲ್ಲ ಒಂದೇ ಥರ ಕಾಣುತ್ತವೆ. ಏನು ಮಾಡಲಿ?

ಅದು ಒಳ್ಳೆಯ ಸುದ್ದಿಯೂ ಇರಬಹುದು. ಹಳೆಯ ಫೋಟೊಗಳನ್ನೆಲ್ಲ ಸಣ್ಣ ಚಿತ್ರಗಳಾಗಿ ಒಂದೇ ಪರದೆಯ ಮೇಲೆ ಹರಡಿ. ಒಳ್ಳೆಯದು ಕೆಟ್ಟದ್ದು ಅಂತ ಬೇರೆ ಮಾಡಬೇಡಿ, ಸುಮ್ನೆ ನೋಡಿ. ಬೆಳಕು ಯಾವಾಗಲೂ ಬಲಗಡೆಯೇ ಇದೆಯಾ? ಫ್ರೇಮನ್ನು ತುಂಬುತ್ತೀರೋ ಖಾಲಿ ಬಿಡುತ್ತೀರೋ? ಅಂಚು ಹರಿತವಾಗಿದ್ದರೆ ಇಷ್ಟವೋ, ಕರಗಿದರೆ ಇಷ್ಟವೋ? ಮತ್ತೆ ಮತ್ತೆ ಬರುವ ಸಂಗತಿ ಒಂದಿರುತ್ತದೆ. ಅದನ್ನು ನೀವು ಬೇಕಂತ ತಂದಿಲ್ಲ, ಅದಾಗಿಯೇ ಬಂದಿದೆ. ಅದು ನಿಮ್ಮ ಕೈಬರಹ.

ಅದು ಸಿಕ್ಕ ಮೇಲೆ ಅದನ್ನೇ ಮುಂದುವರಿಸಬಹುದು. ಉದಾಹರಣೆಗೆ ಎರಡು ಮೋಡಗಳ ನಡುವಿನ ಸಂದಿ ಮಾತ್ರ ತೆಗೆಯುತ್ತೇನೆ ಅಂತ ಒಂದು ಸರಣಿ ಹಿಡಿಯಿರಿ. ಬೇಸರ ಬಂದರೆ ಉಲ್ಟಾ ಮಾಡಿ: ಯಾವಾಗಲೂ ಖಾಲಿ ಬಿಡುವವರು ಒಂದಷ್ಟು ದಿನ ತುಂಬಿಸಿ. ಸರಣಿ ಕಟ್ಟುವಾಗ ಎಲ್ಲವೂ ಅಬ್ಬರದ ಫೋಟೊ ಆಗದ ಹಾಗೆ ನೋಡಿಕೊಳ್ಳಿ. ಎರಡು ಜೋರು ಚಿತ್ರಗಳ ನಡುವೆ ಒಂದು ಮೆತ್ತಗಿನದು ಇದ್ದರೆ ಮೂರೂ ಉಳಿಯುತ್ತವೆ.

ನಾನು ಅಂದುಕೊಂಡಿದ್ದು ನೋಡುವವರಿಗೆ ತಲುಪದಿದ್ದರೆ?

ನೀವು ಅಪ್ಪನ ನೆನಪಲ್ಲಿ ತೆಗೆದ ಚಿತ್ರ ಇನ್ನೊಬ್ಬರಿಗೆ ಸಮುದ್ರದ ಭಯ ಹುಟ್ಟಿಸಬಹುದು. ಅವರು ತಪ್ಪು ಓದಿದ್ದಾರೆ ಅಂತ ನನಗನ್ನಿಸುವುದಿಲ್ಲ. ಆ ಬಾಗಿಲು ತೆರೆದೇ ಇರಲಿ ಅಂತಲ್ಲವೇ ನೆಲವನ್ನು ಬಿಟ್ಟಿದ್ದು. ಆದರೆ ತೋರಿಸಿದವರೆಲ್ಲ ‘ಚೆನ್ನಾಗಿದೆ’ ಅಂದು ಮುಂದಕ್ಕೆ ಹೋದರೆ ಯೋಚನೆ ಮಾಡಿ. ಫೋಟೊದಲ್ಲಿ ಆಯ್ಕೆ ಕಮ್ಮಿ, ಆಕಾಶ ಜಾಸ್ತಿ ಇದೆ ಅಂತ ಅರ್ಥ. ಯಾರಾದರೂ ಒಬ್ಬರಿಗೆ ತೋರಿಸಿ, ನೀವೇನೂ ಹೇಳದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು ಅಂತ ಮಾತ್ರ ಕೇಳಿ. ಅದರಿಂದ ಕಲಿಯುವಷ್ಟು ಲೈಕ್‌ಗಳಿಂದ ಕಲಿಯಲು ಸಿಗುವುದಿಲ್ಲ.

ಪ್ರಿಂಟ್ ಮಾಡಿಸಬೇಕಾ? ಎಷ್ಟು ದೊಡ್ಡದು?

ಮಾಡಿಸಿ, ಒಂದಾದರೂ ಮಾಡಿಸಿ. ಮ್ಯಾಟ್ ಕಾಗದ ಮೋಡಕ್ಕೆ ಒಪ್ಪುತ್ತದೆ, ಹೊಳಪು ಕಾಗದದಲ್ಲಿ ಕಿಟಕಿಯ ಬೆಳಕು ಬಿದ್ದು ಸಣ್ಣ ಛಾಯೆಗಳು ಮುಳುಗುತ್ತವೆ. ಗಾಢ ಭಾಗಗಳು ಪರದೆಯಲ್ಲಿ ಕಂಡದ್ದಕ್ಕಿಂತ ಕಾಗದದಲ್ಲಿ ಇನ್ನೂ ಗಾಢವಾಗುತ್ತವೆ, ಮೊದಲೇ ಸ್ವಲ್ಪ ತಿಳಿ ಮಾಡಿಕೊಡಿ. ಸಣ್ಣದಾಗಿ ಮಾಡಿಸಿ ಸುತ್ತ ಅಗಲವಾಗಿ ಬಿಳಿ ಅಂಚು ಬಿಡಿಸುವುದು ನನಗಿಷ್ಟ. ಗೋಡೆ ತುಂಬುವ ಮೋಡ ಅಲಂಕಾರ ಆಗಿಬಿಡುತ್ತದೆ.

ಅಪಾಯ ಏನಾದರೂ ಇದೆಯಾ?

ಎರಡು ಇವೆ, ಎರಡೂ ಗಂಭೀರ. ಒಂದು, ಸೂರ್ಯ. ಡಿಎಸ್‌ಎಲ್‌ಆರ್‌ನ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಗಾಜಿನ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಮೂಲಕ, ಅದರಲ್ಲೂ ಉದ್ದದ ಲೆನ್ಸಿನಲ್ಲಿ, ಸೂರ್ಯನನ್ನು ನೋಡಲೇಬೇಡಿ. ಕಣ್ಣಿಗೆ ಶಾಶ್ವತ ಹಾನಿ ಆಗಬಹುದು. ಎನ್‌ಡಿ ಫಿಲ್ಟರ್ ಹಾಕಿದ್ದರೂ ಅದು ಕಣ್ಣಿಗೆ ರಕ್ಷಣೆ ಅಲ್ಲ. ತೆಳು ಮೋಡದ ಹಿಂದೆ ಸೂರ್ಯ ತಣ್ಣಗೆ ಕಂಡರೂ ಹಿಂಬದಿಯ ಪರದೆಯಲ್ಲೇ ನೋಡಿಕೊಂಡು ತೆಗೆಯಿರಿ. ಕ್ಯಾಮೆರಾವನ್ನು ತುಂಬ ಹೊತ್ತು ಸೂರ್ಯನ ಕಡೆಗೇ ಮುಖ ಮಾಡಿ ಇಟ್ಟರೆ ಸೆನ್ಸರ್ ಕೂಡ ಸುಡಬಹುದು.

ಎರಡನೆಯದು ಸಿಡಿಲು. ಅತಿ ಚೆಂದದ ಮೋಡಗಳು ಬರುವುದು ಗುಡುಗಿನ ಜೊತೆಗೇ. ಮಿಂಚು ಕಂಡು ಗುಡುಗು ಕೇಳುವುದಕ್ಕೆ ಹಿಡಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. 30 ಸೆಕೆಂಡಿಗಿಂತ ಕಮ್ಮಿ ಇದ್ದರೆ ಕ್ಯಾಮೆರಾ ಚೀಲಕ್ಕೆ ಹಾಕಿ ಕಟ್ಟಡದ ಒಳಗೋ ಮುಚ್ಚಿದ ಕಾರಿನ ಒಳಗೋ ಹೋಗಿ. ಬಯಲಲ್ಲಿ, ತಾರಸಿಯ ಮೇಲೆ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಗೆ ಬನ್ನಿ. ಮಳೆ ಸರಿದ ಮೇಲಿನ ಚೂರು ಮೋಡಗಳು ಆಗಲೂ ಅಲ್ಲೇ ಇರುತ್ತವೆ.